ಕ್ಲಚ್ ಪೆಡಲ್ ತೆಗೆಸಲು ಎಷ್ಟು ಲಕ್ಷ? ಡೀಸೆಲ್ 4×4 ಗಾಡಿಯನ್ನು ಆಟೊಮ್ಯಾಟಿಕ್ ಮಾಡಿಸುವ ಪೂರ್ತಿ ಲೆಕ್ಕ

2,29,000 ರೂಪಾಯಿ. 2021ರ ಜನವರಿಯಲ್ಲಿ ಹೊಸ ರೂಪದ ಟೊಯೊಟಾ ಫಾರ್ಚೂನರ್ ಮಾರುಕಟ್ಟೆಗೆ ಬಂದಾಗ, ಡೀಸೆಲ್ 4×4 ಮ್ಯಾನ್ಯುಯಲ್ ಗಾಡಿಗೂ ಡೀಸೆಲ್ 4×4 ಆಟೊಮ್ಯಾಟಿಕ್ ಗಾಡಿಗೂ ಇದ್ದ ಶೋರೂಂ ಬೆಲೆಯ ಅಂತರ ಅಷ್ಟು. ಮ್ಯಾನ್ಯುಯಲ್ 35.14 ಲಕ್ಷ, ಆಟೊಮ್ಯಾಟಿಕ್ 37.43 ಲಕ್ಷ. 4×2 ಗಾಡಿಗಳಲ್ಲೂ ಅಂತರ ಹೆಚ್ಚುಕಡಿಮೆ ಅಷ್ಟೇ ಇತ್ತು: 32.48 ಲಕ್ಷ ಮತ್ತು 34.84 ಲಕ್ಷ, ಅಂದರೆ 2.36 ಲಕ್ಷ.

ಕರ್ನಾಟಕದಲ್ಲಿ 20 ಲಕ್ಷ ರೂಪಾಯಿಗಿಂತ ಹೆಚ್ಚಿನ ಬೆಲೆಯ ಖಾಸಗಿ ಕಾರಿಗೆ ಶೇ 18ರಷ್ಟು ಆಜೀವ ತೆರಿಗೆ, ಆ ತೆರಿಗೆಯ ಮೇಲೆ ಶೇ 11ರಷ್ಟು ಸೆಸ್. ಎರಡೂ ಸೇರಿ ಶೇ 19.98. ಈ ಅಂತರಕ್ಕೂ ತೆರಿಗೆ ಬೀಳುತ್ತದೆ. 2,29,000ಕ್ಕೆ ಸುಮಾರು 45,750 ರೂಪಾಯಿ ಸೇರಿಸಿದರೆ 2,74,750. ಕಾರ್ಖಾನೆಯೇ ಜೋಡಿಸಿ, ಪರೀಕ್ಷಿಸಿ, ವಾರಂಟಿ ಕೊಟ್ಟು ರಸ್ತೆಗೆ ಬಿಟ್ಟ ಆಟೊಮ್ಯಾಟಿಕ್ ವ್ಯವಸ್ಥೆಗೆ ಬೆಂಗಳೂರಿನ ಗ್ರಾಹಕ ತೆತ್ತ ಹೆಚ್ಚುವರಿ ಹಣ ಇದು. ಮ್ಯಾನ್ಯುಯಲ್ ಗಾಡಿಯನ್ನು ಗ್ಯಾರೇಜಿನಲ್ಲಿ ಆಟೊಮ್ಯಾಟಿಕ್ ಮಾಡಿಸಲು ಯಾರೇ ಎಷ್ಟೇ ಹೇಳಲಿ, ಆ ಮೊತ್ತವನ್ನು ಮೊದಲು ಈ 2.75 ಲಕ್ಷದ ಪಕ್ಕದಲ್ಲಿಟ್ಟು ನೋಡಬೇಕು.

ಫಾರ್ಚೂನರ್ ಉದಾಹರಣೆ ತೆಗೆದುಕೊಳ್ಳಲು ಕಾರಣವಿದೆ. ಗಾಡಿ ತಯಾರಾಗುವುದು ಬಿಡದಿಯಲ್ಲಿ. ಅಲ್ಲಿಯ ಟೊಯೊಟಾ ಕಿರ್ಲೋಸ್ಕರ್ ಆಟೊ ಪಾರ್ಟ್ಸ್ ಘಟಕ 2004ರಿಂದ ಆರ್ ಸರಣಿಯ ಮ್ಯಾನ್ಯುಯಲ್ ಗೇರ್‌ಬಾಕ್ಸ್ ತಯಾರಿಸಿ ಹೊರದೇಶಗಳಿಗೂ ಕಳಿಸುತ್ತಿದೆ. ಜಿಗಣಿಯ ಘಟಕ 2016ರಿಂದ ಜಿಡಿ ಸರಣಿಯ ಡೀಸೆಲ್ ಎಂಜಿನ್ ತಯಾರಿಸುತ್ತಿದೆ. ಇದಕ್ಕಿಂತ ಮುಖ್ಯವಾಗಿ, ಒಂದೇ ಎಂಜಿನ್ನಿಗೆ ಎರಡೂ ಬಗೆಯ ಗೇರ್‌ಬಾಕ್ಸ್ ಇರುವ ಗಾಡಿಯಿದು. ಹಾಗಾಗಿ ಹೋಲಿಕೆಗೆ ಕಾರ್ಖಾನೆಯ ಅಂಕಿಗಳೇ ಸಿಗುತ್ತವೆ.

ಈ ಪ್ರಶ್ನೆ ಯಾರಿಗೆ?

ಮೊದಲ ಫಾರ್ಚೂನರ್ ಭಾರತಕ್ಕೆ ಬಂದದ್ದು 2009ರಲ್ಲಿ. 2,982 ಸಿಸಿ ಡೀಸೆಲ್ ಎಂಜಿನ್, 171 ಅಶ್ವಶಕ್ತಿ, 343 ಎನ್ಎಂ ಟಾರ್ಕ್, 5 ಗೇರಿನ ಮ್ಯಾನ್ಯುಯಲ್. 2012ರಲ್ಲಿ ಆಟೊಮ್ಯಾಟಿಕ್ ಬಂತು, ಆದರೆ 4 ಗೇರಿನದು, ಅದೂ 4×2ಕ್ಕೆ ಮಾತ್ರ. 4×4ಕ್ಕೆ 5 ಗೇರಿನ ಆಟೊಮ್ಯಾಟಿಕ್ ಸಿಕ್ಕಿದ್ದು 2015ರ ಜನವರಿಯಲ್ಲಿ. ಅದರೊಂದಿಗೆ ಟಾರ್ಕ್ 360 ಎನ್ಎಂಗೆ ಏರಿತು.

ಅಂದರೆ 2009ರಿಂದ 2014ರವರೆಗೆ 4×4 ಕೊಂಡ ಯಾರಿಗೂ ಆಟೊಮ್ಯಾಟಿಕ್ ಎಂಬ ಆಯ್ಕೆಯೇ ಇರಲಿಲ್ಲ. ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ತೋಟಗಳಿಗೆ ಈ ಗಾಡಿ ಕೊಂಡವರು ಆಗ 45ರ ವಯಸ್ಸಿನಲ್ಲಿದ್ದರೆ ಈಗ 60ರ ಹತ್ತಿರ ಬಂದಿದ್ದಾರೆ. ಎಂಜಿನ್ ಇನ್ನೂ ಗಟ್ಟಿಯಾಗಿದ್ದರೂ ಮಂಡಿ ಕೇಳುವುದಿಲ್ಲ. ಘಾಟಿಯಲ್ಲಿ ಸಾಲುಗಟ್ಟಿದ ಲಾರಿಗಳ ಹಿಂದೆ ಎಡಗಾಲು ಎತ್ತಿ ಇಳಿಸುವುದೇ ಶಿಕ್ಷೆ. ಇಂಥವರು ಕೇಳುವ ಪ್ರಶ್ನೆ ನ್ಯಾಯವಾದದ್ದು. ಅವರಿಗೆ ಸಿಗಬೇಕಾದದ್ದು ಸರಿಯಾದ ಲೆಕ್ಕ.

2016ರ ಎರಡನೇ ತಲೆಮಾರಿನ ಕಥೆ ಬೇರೆ. 2,755 ಸಿಸಿ ಎಂಜಿನ್ ಮೊದಲ ದಿನದಿಂದಲೇ ಎರಡೂ ಗೇರ್‌ಬಾಕ್ಸ್‌ನೊಂದಿಗೆ ಬಂತು. ಮ್ಯಾನ್ಯುಯಲ್‌ಗೆ 420 ಎನ್ಎಂ, ಆಟೊಮ್ಯಾಟಿಕ್‌ಗೆ 450. 2021ರಲ್ಲಿ ಆಟೊಮ್ಯಾಟಿಕ್ 500ಕ್ಕೆ ಏರಿತು, ಮ್ಯಾನ್ಯುಯಲ್ 420ರಲ್ಲೇ ಉಳಿಯಿತು. ಈ 80 ಎನ್ಎಂ ಅಂತರ ಬದಲಾವಣೆ ಮಾಡಿಸುವವರು ಗಮನಿಸಬೇಕಾದ ಅಂಕಿ.

ಗೇರ್ ಅನುಪಾತ ಹೇಳುವ ಮಾತು

2.8 ಲೀಟರ್ ಎಂಜಿನ್ನಿನ 6 ಗೇರಿನ ಮ್ಯಾನ್ಯುಯಲ್‌ನಲ್ಲಿ ಮೊದಲ ಗೇರಿನ ಅನುಪಾತ 4.784. ಅದೇ ಎಂಜಿನ್ನಿನ ಆಟೊಮ್ಯಾಟಿಕ್ ಎಸಿ60ಎಫ್‌ನಲ್ಲಿ 3.600. ಎಂಜಿನ್ನಿನ ಗರಿಷ್ಠ ಟಾರ್ಕನ್ನು ಈ ಅನುಪಾತದಿಂದ ಗುಣಿಸಿದರೆ ಗೇರ್‌ಬಾಕ್ಸ್‌ನಿಂದ ಹೊರಬರುವ ಬಲ ತಿಳಿಯುತ್ತದೆ.

- ಕಾರ್ಖಾನೆಯ ಮ್ಯಾನ್ಯುಯಲ್: 420 × 4.784 = 2,009 ಎನ್ಎಂ
- ಕಾರ್ಖಾನೆಯ ಆಟೊಮ್ಯಾಟಿಕ್, ಟಾರ್ಕ್ ಕನ್ವರ್ಟರ್ ಲಾಕ್ ಆದಾಗ: 500 × 3.600 = 1,800 ಎನ್ಎಂ
- ಮ್ಯಾನ್ಯುಯಲ್ ಇಸಿಯು ಹಾಗೆಯೇ ಉಳಿಸಿ ಆಟೊಮ್ಯಾಟಿಕ್ ಕೂರಿಸಿದರೆ: 420 × 3.600 = 1,512 ಎನ್ಎಂ

ಮೂರನೆಯ ಸಾಲು ನೋಡಿ. ಗೇರ್‌ಬಾಕ್ಸ್ ಬದಲಾಯಿಸಿ ಎಂಜಿನ್ನಿನ ಮಿದುಳಾದ ಇಸಿಯುವನ್ನು ಮುಟ್ಟದೆ ಬಿಟ್ಟರೆ ಕಾರ್ಖಾನೆಯ ಆಟೊಮ್ಯಾಟಿಕ್‌ಗಿಂತ ಶೇ 16ರಷ್ಟು ಬಲ ಕಡಿಮೆ.

ನಿಂತಲ್ಲಿಂದ ಹೊರಡುವಾಗ ಟಾರ್ಕ್ ಕನ್ವರ್ಟರ್ ನೆರವಿಗೆ ಬರುತ್ತದೆ. ಒಳಗಿನ ಎಣ್ಣೆಯ ಸುಳಿ ಟಾರ್ಕನ್ನು ಸಾಮಾನ್ಯವಾಗಿ ಎರಡು ಪಟ್ಟಿಗೆ ಹತ್ತಿರದವರೆಗೂ ಹೆಚ್ಚಿಸಬಲ್ಲದು. 1.8 ಪಟ್ಟು ಎಂದು ಹಿಡಿದರೂ 1,800 ಎನ್ಎಂ ಇದ್ದದ್ದು 3,240 ಆಗುತ್ತದೆ. ಕೆಸರಲ್ಲಿ ಹೂತ ಗಾಡಿ ಕ್ಲಚ್ ಸುಡದೆ ನಯವಾಗಿ ಮೇಲೇಳುವುದು ಇದರಿಂದಲೇ. ಆದರೆ ವೇಗ ಹಿಡಿಯುತ್ತಿದ್ದಂತೆ ಈ ಹೆಚ್ಚಳ ಕರಗುತ್ತದೆ.

ಇಳಿಜಾರಿನಲ್ಲಿ ಲೆಕ್ಕ ತಿರುಗಿ ಬೀಳುತ್ತದೆ. ಲೋ ರೇಂಜ್ ಅನುಪಾತ 2.566. ಮ್ಯಾನ್ಯುಯಲ್‌ನಲ್ಲಿ ಮೊದಲ ಗೇರಿನೊಂದಿಗೆ ಗುಣಿಸಿದರೆ 12.28, ಆಟೊಮ್ಯಾಟಿಕ್‌ನಲ್ಲಿ 9.24. ಆಕ್ಸಲ್ ಅನುಪಾತ ಬದಲಾಗದೆ ಉಳಿದರೆ ಎಂಜಿನ್ ಗಾಡಿಯನ್ನು ತಡೆದು ಹಿಡಿಯುವ ಬಲ ಸುಮಾರು ಕಾಲು ಭಾಗ ಇಳಿಯುತ್ತದೆ. ತೋಟದ ಕಡಿದಾದ ಮಣ್ಣುದಾರಿಯಲ್ಲಿ ಚೀಲ ತುಂಬಿಕೊಂಡು ಇಳಿಯುವವರು ಬ್ರೇಕಿನ ಮೇಲೆ ಹೆಚ್ಚು ಭಾರ ಹಾಕಬೇಕಾಗುತ್ತದೆ. ಬ್ರೇಕ್ ಪ್ಯಾಡ್ ಮತ್ತು ಡಿಸ್ಕ್ ಖರ್ಚನ್ನು ಇದೇ ಪಟ್ಟಿಗೆ ಸೇರಿಸಿಕೊಳ್ಳಿ.

ಬದಲಾಗಬೇಕಾದದ್ದು ಏನೇನು?

ಗುಜರಿಯಲ್ಲಿ ಗೇರ್‌ಬಾಕ್ಸ್ ಸಿಕ್ಕಿತು ಎಂದು ಮುಂಗಡ ಕೊಡುವ ಮುನ್ನ ಪೂರ್ತಿ ಪಟ್ಟಿ ಓದಿ.

- ಗೇರ್‌ಬಾಕ್ಸ್, ಅದರದೇ ಟಾರ್ಕ್ ಕನ್ವರ್ಟರ್
- ಫ್ಲೈವೀಲ್ ಜಾಗಕ್ಕೆ ತೆಳುವಾದ ಫ್ಲೆಕ್ಸ್ ಪ್ಲೇಟ್ ಮತ್ತು ಅದರ ಬೋಲ್ಟುಗಳು
- ಟ್ರಾನ್ಸ್‌ಫರ್ ಕೇಸ್, ಅಥವಾ ಹಳೆಯದನ್ನು ಕೂರಿಸಲು ಬೇಕಾದ ಭಾಗಗಳು
- ಗೇರ್‌ಬಾಕ್ಸ್ ಹೊರುವ ಕ್ರಾಸ್ ಮೆಂಬರ್, ರಬ್ಬರ್ ಮೌಂಟ್
- ಹಿಂದಿನ, ಮುಂದಿನ ಪ್ರೊಪೆಲ್ಲರ್ ಶಾಫ್ಟ್: ಉದ್ದ ತಾಳೆಯಾಗದಿದ್ದರೆ ಕತ್ತರಿಸಿ ಬೆಸೆದು ಬ್ಯಾಲೆನ್ಸ್ ಮಾಡಿಸಬೇಕು
- ಆಯಿಲ್ ಕೂಲರ್, ಅದರ ಪೈಪುಗಳು, ಕೂಲರ್ ಒಳಗೊಂಡ ರೇಡಿಯೇಟರ್
- ಆಟೊಮ್ಯಾಟಿಕ್ ಗಾಡಿಯ ಇಸಿಯು, ಪೂರ್ತಿ ವೈರಿಂಗ್, ಇಮ್ಮೊಬಿಲೈಸರ್ ಹೊಂದಾಣಿಕೆ
- ಗೇರ್ ಲಿವರ್, ಕೇಬಲ್, ಪಾರ್ಕ್ ಅಥವಾ ನ್ಯೂಟ್ರಲ್ ಬಿಟ್ಟು ಬೇರೆಡೆ ಸ್ಟಾರ್ಟ್ ಆಗದಂತೆ ತಡೆಯುವ ಸ್ವಿಚ್
- ಮೀಟರ್ ಫಲಕ, ಅಗಲವಾದ ಬ್ರೇಕ್ ಪೆಡಲ್
- ಸುಮಾರು 10 ಲೀಟರ್ ಗೇರ್ ಎಣ್ಣೆ, ಫಿಲ್ಟರ್, ಸೀಲ್, ಗ್ಯಾಸ್ಕೆಟ್

ಇಲ್ಲಿ ಒಂದೇ ಅಕ್ಷರ ಲಕ್ಷ ರೂಪಾಯಿ ಮುಳುಗಿಸಬಲ್ಲದು. ಟೊಯೊಟಾ ಗೇರ್‌ಬಾಕ್ಸ್ ಸಂಖ್ಯೆಯ ಕೊನೆಯಲ್ಲಿ ‘ಎಫ್’ ಇದ್ದರೆ ಅದು ನಾಲ್ಕು ಚಕ್ರ ಎಳೆಯುವ ಗಾಡಿಯದು. ಎ750ಎಫ್ 4×4ಕ್ಕೆ, ಎ750ಇ ಎರಡು ಚಕ್ರದ ಗಾಡಿಗೆ. ಎಸಿ60ಎಫ್, ಎಸಿ60ಇ ಕೂಡ ಹಾಗೆಯೇ. ಗುಜರಿಯಲ್ಲಿ ಅಗ್ಗಕ್ಕೆ ಸಿಗುವುದು ಹೆಚ್ಚಾಗಿ 4×2 ಗಾಡಿಗಳ ಗೇರ್‌ಬಾಕ್ಸ್. ಅದರ ಹಿಂಭಾಗದ ಹೌಸಿಂಗ್ ಮತ್ತು ಶಾಫ್ಟ್ ಬೇರೆ, ಟ್ರಾನ್ಸ್‌ಫರ್ ಕೇಸ್ ಅದಕ್ಕೆ ಕೂರುವುದಿಲ್ಲ. ಬೆಂಗಳೂರಿನ ಶಿವಾಜಿನಗರಕ್ಕೋ ಜೆ.ಸಿ. ರಸ್ತೆಗೋ ಹೋಗುವ ಮುನ್ನ ನಿಮ್ಮ ಗಾಡಿಗೆ ಬೇಕಾದ ಗೇರ್‌ಬಾಕ್ಸ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಅಪಘಾತಕ್ಕೀಡಾದ ಒಂದೇ 4×4 ಆಟೊಮ್ಯಾಟಿಕ್ ಗಾಡಿಯಿಂದ ಎಲ್ಲವನ್ನೂ ಬಿಚ್ಚಿಸಿ ತರುವುದು ಕ್ಷೇಮ. ಆಗ ಇಸಿಯು, ವೈರಿಂಗ್, ಗೇರ್‌ಬಾಕ್ಸ್ ಮೂರೂ ಒಂದಕ್ಕೊಂದು ಪರಿಚಿತವಾಗಿರುತ್ತವೆ.

ಮಾದರಿ ಬಿಲ್

2009–14ರ 4×4 ಗಾಡಿಗೆ ಹಳೆಯ ಎ750ಎಫ್ ಕೂರಿಸುವ ಲೆಕ್ಕ ಹೀಗೆ ಬರೆದುಕೊಳ್ಳಬಹುದು. ಕೆಳಗಿನವು ಮಾರುಕಟ್ಟೆಯ ದರಪಟ್ಟಿ ಅಲ್ಲ, ವಿಧಾನ ತೋರಿಸಲು ಇಟ್ಟುಕೊಂಡ ಅಂಕಿಗಳು. ನಿಮ್ಮ ಗ್ಯಾರೇಜ್ ಹೇಳಿದ ದರವನ್ನು ಆಯಾ ಸಾಲಿನಲ್ಲಿ ತುಂಬಿಕೊಳ್ಳಿ.

- ಗೇರ್‌ಬಾಕ್ಸ್, ಕನ್ವರ್ಟರ್, ಟ್ರಾನ್ಸ್‌ಫರ್ ಕೇಸ್: 2,00,000
- ಇಸಿಯು, ವೈರಿಂಗ್, ಲಿವರ್, ಪೆಡಲ್, ಇಮ್ಮೊಬಿಲೈಸರ್: 60,000
- ಫ್ಲೆಕ್ಸ್ ಪ್ಲೇಟ್, ಕ್ರಾಸ್ ಮೆಂಬರ್, ಮೌಂಟ್, ಶಾಫ್ಟ್ ಕೆಲಸ: 40,000
- ಗೇರ್‌ಬಾಕ್ಸ್ ಬಿಚ್ಚಿ ಪರೀಕ್ಷೆ, ಸೀಲ್, ಸವೆದ ಪ್ಲೇಟ್ ಬದಲಾವಣೆ: 40,000
- ರೇಡಿಯೇಟರ್, ಕೂಲರ್, ಪೈಪು: 25,000
- ಎಣ್ಣೆ, ಫಿಲ್ಟರ್: 15,000
- ಕೂಲಿ, 70 ಗಂಟೆಗೆ 600ರಂತೆ: 42,000

ಒಟ್ಟು 4,22,000. ಇಂಥ ಕೆಲಸದಲ್ಲಿ ಮುಂಚೆ ಕಾಣದ ಖರ್ಚು ಬಂದೇ ಬರುತ್ತದೆ. ಅದಕ್ಕೆ ಶೇ 15ರಂತೆ 63,300 ಎತ್ತಿಡಿ. ಮೊತ್ತ 4,85,300. ಬಿಚ್ಚಿದ ಮ್ಯಾನ್ಯುಯಲ್ ಗೇರ್‌ಬಾಕ್ಸ್, ಫ್ಲೈವೀಲ್, ಕ್ಲಚ್ ಮಾರಿ 50,000 ಬಂದರೆ ನಿವ್ವಳ 4,35,300.

ಈ ಬಿಲ್ಲಿನಲ್ಲಿ ಗೇರ್‌ಬಾಕ್ಸ್ ಗುಂಪಿನ ಪಾಲು ಶೇ 41 ಮಾತ್ರ. ಉಳಿದ ಶೇ 59 ಅದನ್ನು ಕೂರಿಸಲು, ತಣಿಸಲು, ಎಂಜಿನ್ನಿನ ಜತೆ ಮಾತಾಡಿಸಲು ಆಗುವ ವೆಚ್ಚ. ‘ಗೇರ್‌ಬಾಕ್ಸ್ ಎರಡು ಲಕ್ಷಕ್ಕೆ ಸಿಗುತ್ತೆ ಸಾರ್’ ಎಂದು ಯಾರಾದರೂ ಹೇಳಿದರೆ ಅದನ್ನು 2.4ರಿಂದ ಗುಣಿಸಿ ಯೋಚಿಸಿ. ಆರಂಭದ ಅಳತೆಗೋಲಾದ 2.75 ಲಕ್ಷಕ್ಕೆ ಹೋಲಿಸಿದರೆ ನಿವ್ವಳ ಖರ್ಚೇ 1.58 ಪಟ್ಟು, ಅದೂ ಹಳೆಯ ಗೇರ್‌ಬಾಕ್ಸ್‌ಗೆ.

ಹೊಸ ಬಿಡಿಭಾಗ ಹಾಕಿಸುವವರು ಜಿಎಸ್‌ಟಿಯನ್ನು ಮರೆಯಬಾರದು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿದಿದೆ. 3 ಲಕ್ಷದ ಮೂಲಬೆಲೆಗೆ ಮೊದಲು 84,000 ತೆರಿಗೆ ಬೀಳುತ್ತಿತ್ತು, ಈಗ 54,000. ಆ ದಿನಾಂಕಕ್ಕೆ ಮುಂಚಿನ ಕೊಟೇಶನ್ ಕೈಯಲ್ಲಿದ್ದರೆ ಹೊಸದನ್ನು ಕೇಳಿ ಪಡೆಯಿರಿ, 30,000 ಉಳಿಯುತ್ತದೆ.

ಶಾಖ: ಬಿಲ್ಲಿನಲ್ಲಿ ಕಾಣದ ಶತ್ರು

ಖರ್ಚು ಉಳಿಸಲು ಹೊರಟವರು ಮೊದಲು ಕೈಬಿಡುವುದು ಆಯಿಲ್ ಕೂಲರನ್ನು. ಹಾಗೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ.

ತುಂಬಿದ ಗಾಡಿ ಘಾಟಿಯಲ್ಲಿ ನಿಧಾನಕ್ಕೆ ಹತ್ತುತ್ತಿದೆ, ಎಂಜಿನ್ 60 ಕಿಲೋವ್ಯಾಟ್ ಕೊಡುತ್ತಿದೆ, ಕನ್ವರ್ಟರ್ ಲಾಕ್ ಆಗಿಲ್ಲ, ದಕ್ಷತೆ ಶೇ 80 ಎಂದಿಟ್ಟುಕೊಳ್ಳಿ. ಉಳಿದ ಶೇ 20, ಅಂದರೆ 12 ಕಿಲೋವ್ಯಾಟ್, ಎಣ್ಣೆಯೊಳಗೆ ಶಾಖವಾಗುತ್ತದೆ. ಬಚ್ಚಲುಮನೆಯ 2 ಕಿಲೋವ್ಯಾಟ್ ಗೀಸರ್ ಆರನ್ನು ಒಟ್ಟಿಗೆ ಹಚ್ಚಿದಷ್ಟು. 10 ಲೀಟರ್ ಎಣ್ಣೆಯ ತೂಕ ಸುಮಾರು 8.5 ಕಿಲೊ. ಅದನ್ನು 1 ಡಿಗ್ರಿ ಬಿಸಿ ಮಾಡಲು ಸುಮಾರು 17 ಕಿಲೋಜೌಲ್ ಸಾಕು. ಶಾಖ ಹೊರಹೋಗಲು ದಾರಿಯೇ ಇಲ್ಲದಿದ್ದರೆ ಎಣ್ಣೆ ಸೆಕೆಂಡಿಗೆ 0.7 ಡಿಗ್ರಿಯಂತೆ, ಒಂದು ನಿಮಿಷದಲ್ಲಿ 42 ಡಿಗ್ರಿ ಏರುತ್ತದೆ. 80 ಡಿಗ್ರಿಯಲ್ಲಿದ್ದ ಎಣ್ಣೆ 122ಕ್ಕೆ ಮುಟ್ಟಲು ಒಂದು ತಿರುವು ಹತ್ತಿದರೆ ಸಾಕು.

ಗೇರ್‌ಬಾಕ್ಸ್‌ನ ಲೋಹ ಒಂದಷ್ಟು ಶಾಖ ಹೀರುವುದರಿಂದ ನಿಜದಲ್ಲಿ ಏರಿಕೆ ಇಷ್ಟು ಬಿರುಸಾಗಿರದು. ಆದರೆ ದಿಕ್ಕು ಇದೇ. ಎಣ್ಣೆಯ ಉಷ್ಣತೆ ರೂಢಿಯ ಮಟ್ಟ ಮೀರಿ ಪ್ರತಿ 10–11 ಡಿಗ್ರಿ ಏರಿದಾಗಲೂ ಅದರ ಬಾಳಿಕೆ ಅರ್ಧವಾಗುತ್ತದೆ ಎಂಬುದು ಈ ಕಸುಬಿನವರ ರೂಢಿಯ ಲೆಕ್ಕ. 25,000ದ ಸಾಲನ್ನು ಹೊಡೆದುಹಾಕಿ 2 ಲಕ್ಷದ ಸಾಲನ್ನು ಸುಡಬಾರದು. ಗೇರ್ ಎಣ್ಣೆಯ ಉಷ್ಣತೆ ತೋರಿಸುವ ಮೀಟರೊಂದನ್ನು ಡ್ಯಾಶ್‌ಬೋರ್ಡಿಗೆ ಹಾಕಿಸಿದರೆ ಇನ್ನೂ ಒಳ್ಳೆಯದು.

ಕಿಲೋಮೀಟರಿಗೆ ಎಷ್ಟು?

ವರ್ಷಕ್ಕೆ 15,000 ಕಿ.ಮೀ. ಓಡಿಸುವವರಿಗೆ ಮ್ಯಾನ್ಯುಯಲ್ ಲೀಟರಿಗೆ 11 ಕಿ.ಮೀ., ಆಟೊಮ್ಯಾಟಿಕ್ 10 ಕಿ.ಮೀ. ಕೊಡುತ್ತದೆ ಎಂದು ಹಿಡಿಯೋಣ. ಮೊದಲನೆಯದಕ್ಕೆ 1,364 ಲೀಟರ್, ಎರಡನೆಯದಕ್ಕೆ 1,500. ಅಂತರ 136 ಲೀಟರ್. ಡೀಸೆಲ್ 91 ರೂಪಾಯಿ ಎಂದರೆ ವರ್ಷಕ್ಕೆ ಸುಮಾರು 12,400 ಹೆಚ್ಚು, ಕಿ.ಮೀ.ಗೆ 83 ಪೈಸೆ.

ನಿವ್ವಳ 4,35,300 ರೂಪಾಯಿಯನ್ನು 5 ವರ್ಷದ 75,000 ಕಿ.ಮೀ.ಗೆ ಹಂಚಿದರೆ 5.80 ರೂಪಾಯಿ. ಇಂಧನ ಸೇರಿ 6.63. ಹತ್ತು ವರ್ಷ ಓಡಿಸಿದರೆ 2.90, ಇಂಧನ ಸೇರಿ 3.73. ಅಂದರೆ ಎಷ್ಟು ವರ್ಷ ಗಾಡಿ ಇಟ್ಟುಕೊಳ್ಳುತ್ತೀರಿ ಎಂಬುದರ ಮೇಲೆ ಇಡೀ ತೀರ್ಮಾನ ನಿಂತಿದೆ.

ಅಲ್ಲಿ ಇನ್ನೊಂದು ಸಂಖ್ಯೆ ಅಡ್ಡ ಬರುತ್ತದೆ: 15. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. 2012ರ ಗಾಡಿಗೆ 2027ರಲ್ಲಿ ಸದೃಢತಾ ಪರೀಕ್ಷೆ ಮಾಡಿಸಿ ನವೀಕರಿಸಬೇಕು, ಆಮೇಲೆ 5 ವರ್ಷಕ್ಕೊಮ್ಮೆ. 2022ರ ಏಪ್ರಿಲ್‌ನಲ್ಲಿ ಈ ನವೀಕರಣದ ಶುಲ್ಕ ಕಾರುಗಳಿಗೆ 600ರಿಂದ 5,000ಕ್ಕೆ ಏರಿತು. ನವೀಕರಣಕ್ಕೆ ಒಂದೆರಡು ವರ್ಷ ಉಳಿದಿರುವ ಗಾಡಿಗೆ ನಾಲ್ಕೂವರೆ ಲಕ್ಷ ಸುರಿಯುವ ಮುನ್ನ ಚಾಸಿಯ ತುಕ್ಕು, ಇಂಜೆಕ್ಟರ್, ಟರ್ಬೊ ಪರೀಕ್ಷಿಸಿಕೊಳ್ಳಿ. ನವೀಕರಣ ಮೊದಲು, ಗೇರ್‌ಬಾಕ್ಸ್ ಆಮೇಲೆ.

ಕಾನೂನಿನ ಕಾಲಂ

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಇದನ್ನೇ ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ವಿಧಿಸಬಹುದು ಎನ್ನುತ್ತದೆ.

ನೋಂದಣಿ ಪತ್ರದ ಮಾದರಿ ಹೆಸರಿನಲ್ಲೇ ‘ಎಂಟಿ’ ಎಂದಿದ್ದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಆದ್ದರಿಂದ ಗಾಡಿ ಗ್ಯಾರೇಜಿಗೆ ಹೋಗುವ ಮುನ್ನ ಆರ್‌ಟಿಒ ಕಚೇರಿಗೆ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆಯಿರಿ. ವಿಮಾ ಕಂಪನಿಗೂ ಪತ್ರ ಬರೆಯಿರಿ. ತಿಳಿಸದ ಮಾರ್ಪಾಡು ಅಪಘಾತದ ದಿನ ಪರಿಹಾರಕ್ಕೆ ಅಡ್ಡಗಾಲು ಹಾಕಬಹುದು.

ಇದೇ 52ನೇ ಸೆಕ್ಷನ್ ಅಂಗವೈಕಲ್ಯ ಇರುವವರಿಗೆ ಬಾಗಿಲು ತೆರೆದಿಟ್ಟಿದೆ. ಅವರ ಬಳಕೆಗಾಗಿಯೇ ಮಾರ್ಪಡಿಸುವ ವಾಹನಕ್ಕೆ ನಿಗದಿತ ಷರತ್ತುಗಳ ಪ್ರಕಾರ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಸಿಗುತ್ತದೆ. ಎಡಗಾಲು ಬಳಸಲಾಗದವರು ಇನ್ನೊಂದು ಹಾದಿಯನ್ನೂ ತೂಗಿ ನೋಡಬೇಕು. ಗೇರ್‌ಬಾಕ್ಸ್ ಹಾಗೆಯೇ ಬಿಟ್ಟು ಕ್ಲಚ್ಚನ್ನು ಕೈಯಿಂದ ಅಥವಾ ತಾನಾಗಿ ಒತ್ತುವಂತೆ ಮಾಡುವ ಕಿಟ್‌ಗಳಿವೆ. ಅವುಗಳ ವೆಚ್ಚ ಪೂರ್ತಿ ಬದಲಾವಣೆಯ ಸಣ್ಣ ಪಾಲು, ಬೇಡವೆಂದಾಗ ಬಿಚ್ಚಲೂ ಬಹುದು.

ಮಾರಿ ಕೊಂಡರೆ?

ಅದೇ ವಯಸ್ಸಿನ, ಅಷ್ಟೇ ಓಡಿದ 4×4 ಆಟೊಮ್ಯಾಟಿಕ್‌ಗೆ ನಿಮ್ಮ ಮ್ಯಾನ್ಯುಯಲ್‌ಗಿಂತ 2,50,000 ಹೆಚ್ಚು ಕೊಡಬೇಕಾಯಿತು, ಹೆಸರು ವರ್ಗಾವಣೆ, ವಿಮೆ, ಆರಂಭದ ರಿಪೇರಿಗೆ 75,000 ಆಯಿತು ಎನ್ನೋಣ. ಒಟ್ಟು 3,25,000. ಮಾದರಿ ಬಿಲ್ಲಿಗಿಂತ 1,10,300 ಕಡಿಮೆ. ಕೈಗೆ ಬರುವುದು ಕಾರ್ಖಾನೆ ಜೋಡಿಸಿದ ಗಾಡಿ, ಕಾಗದಪತ್ರವೂ ತಕರಾರಿಲ್ಲದ್ದು. 2025ರ ಅದೇ ಜಿಎಸ್‌ಟಿ ಬದಲಾವಣೆಯಲ್ಲಿ ಹೊಸ ಗಾಡಿಯ ತೆರಿಗೆ ಶೇ 50ರಿಂದ ಶೇ 40ಕ್ಕೆ ಇಳಿದಾಗ ಫಾರ್ಚೂನರ್ ಬೆಲೆ 3.49 ಲಕ್ಷದವರೆಗೆ ಇಳಿಯಿತು. ಹಳೆಯ ಗಾಡಿಯ ಚೌಕಾಸಿಯಲ್ಲಿ ಈ ಅಂಕಿ ನಿಮ್ಮ ಕೈಲಿರಲಿ.

ಆಸ್ಟ್ರೇಲಿಯದ ಅನುಭವವೂ ಇದನ್ನೇ ಹೇಳುತ್ತದೆ. ಅಲ್ಲಿ ಟೊಯೊಟಾ ಲ್ಯಾಂಡ್ ಕ್ರೂಸರ್ 70 ಸರಣಿಯ 4.5 ಲೀಟರ್ ವಿ8 ಡೀಸೆಲ್ 2007ರಿಂದ ಮ್ಯಾನ್ಯುಯಲ್‌ನಲ್ಲಿ ಮಾತ್ರ ಸಿಗುತ್ತಿತ್ತು. 3,500 ಕಿಲೊ ತೂಕದ ಟ್ರೇಲರ್ ಎಳೆಯಬಲ್ಲ ಗಾಡಿ ಅದು. ಹಾಗಾಗಿ ಆಟೊಮ್ಯಾಟಿಕ್ ಕೂರಿಸಿಕೊಡುವುದೇ ಅಲ್ಲಿ ಒಂದು ಕಸುಬಾಗಿ ಬೆಳೆಯಿತು. ಕೊಳ್ಳಲು ಸಿದ್ಧ ಆಟೊಮ್ಯಾಟಿಕ್ ಇರಲಿಲ್ಲವಾದ್ದರಿಂದ ಆ ಖರ್ಚಿಗೆ ಅರ್ಥವಿತ್ತು. 2023ರಲ್ಲಿ ಟೊಯೊಟಾ ಅದೇ ಗಾಡಿಗೆ 2.8 ಲೀಟರ್ ಎಂಜಿನ್ ಮತ್ತು 6 ಗೇರಿನ ಆಟೊಮ್ಯಾಟಿಕ್ ಪ್ರಕಟಿಸಿತು. ವಿ8 ಕೊಡುತ್ತಿದ್ದದ್ದು 151 ಕಿಲೋವ್ಯಾಟ್, 430 ಎನ್ಎಂ. ಹೊಸದು 150 ಕಿಲೋವ್ಯಾಟ್, 500 ಎನ್ಎಂ. ಕಾರ್ಖಾನೆಯೇ ಕೊಡಲು ಶುರುಮಾಡಿದ ಮೇಲೆ ಗ್ಯಾರೇಜಿನ ಬಿಲ್ಲನ್ನು ಸಮರ್ಥಿಸುವುದು ಕಷ್ಟ.

ತೀರ್ಮಾನಕ್ಕೆ ಮೂರು ಅಳತೆ

2016ರ ನಂತರದ 2.8 ಲೀಟರ್ ಮ್ಯಾನ್ಯುಯಲ್ ಇರುವವರು ಬದಲಾವಣೆಗೆ ಕೈಹಾಕಬೇಡಿ. ಅದೇ ಗಾಡಿಯ ಆಟೊಮ್ಯಾಟಿಕ್ ಮಾರುಕಟ್ಟೆಯಲ್ಲಿದೆ. ಮಾರಿ ಕೊಳ್ಳುವುದೇ ಅಗ್ಗ, ಹೆಚ್ಚುವರಿ 80 ಎನ್ಎಂ ಟಾರ್ಕ್ ಬೇಕಿದ್ದರೆ 2021ರ ನಂತರದ್ದನ್ನು ಹುಡುಕಿ.

2009–14ರ 4×4 ಇರುವವರು ಮೊದಲು 2015ರ ಆಟೊಮ್ಯಾಟಿಕ್ ಹುಡುಕಿ. ಅದು ಸಿಗದಿದ್ದರೆ, ಒಂದೇ ಗಾಡಿಯಿಂದ ಬಿಚ್ಚಿದ ಪೂರ್ತಿ ಸೆಟ್ ಸಿಕ್ಕರೆ, ಲಿಖಿತ ಅನುಮತಿ ಕೈಯಲ್ಲಿದ್ದರೆ, ಕನಿಷ್ಠ 8–10 ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದರೆ ಮಾತ್ರ ಮುಂದುವರಿಯಿರಿ. ನಾಲ್ಕರಲ್ಲಿ ಒಂದು ತಪ್ಪಿದರೂ ಬಿಟ್ಟುಬಿಡಿ.

ಕಾಲಿನ ತೊಂದರೆಯಿಂದ ಕ್ಲಚ್ ತುಳಿಯಲಾಗದವರಿಗೆ ಲಾಭ ನಷ್ಟದ ಲೆಕ್ಕವನ್ನು ಇಷ್ಟು ಬಿಗಿಯಾಗಿ ಹಚ್ಚಬೇಕಿಲ್ಲ. ಗಾಡಿ ತಾವೇ ಓಡಿಸಿಕೊಂಡು ತೋಟಕ್ಕೆ, ಪೇಟೆಗೆ, ಆಸ್ಪತ್ರೆಗೆ ಹೋಗುವುದರ ಬೆಲೆ ಕಿಲೋಮೀಟರಿಗೆ ಮೂರು ಮುಕ್ಕಾಲು ರೂಪಾಯಿಗಿಂತ ಬಹಳ ಹೆಚ್ಚು. ಅಂಥವರು ಕಾನೂನು ಕೊಟ್ಟಿರುವ ಹಕ್ಕನ್ನು ಬಳಸಿ, ಕ್ಲಚ್ ಕಿಟ್‌ನಿಂದ ಆರಂಭಿಸಿ, ಅದು ಸಾಲದಿದ್ದರೆ ಮಾತ್ರ ಗೇರ್‌ಬಾಕ್ಸ್‌ವರೆಗೆ ಹೋಗಲಿ.